ಇನ್ನೊಂದು ಮಣೆ

ಹಾಲಿನ ಚರಿಗೆಯ ಮೇಲೆ ಇವತ್ತು ಎಲೆ ಇಲ್ಲ, ಒಂದು ನೊಣ ಅಂಚಿನ ಸುತ್ತ ನಡೆಯುತ್ತಿದೆ, ದಿನವೂ ಬರುವ ಹುಡುಗಿ ಬೀರವ್ವ ತಂದಿದ್ದರೆ ಔಡಲದ ಎಲೆಯೊಂದನ್ನು ಮುಚ್ಚಿ ತರುತ್ತಿದ್ದಳು, ಯಾರೂ ಹೇಳಿಕೊಟ್ಟದ್ದಲ್ಲ, ತಾನಾಗಿಯೇ — ಇವತ್ತು ತಂದವಳು ಅವಳ ಅವ್ವ ಹಣಮವ್ವ, ಅಳೆದು ಹಾಕಿದ ಮೇಲೆ ಇನ್ನಷ್ಟು ಸುರಿದು, ಕೊಸರು ಇರ್ಲಿ ತಗೋರಿ ಅಕ್ಕೋರ, ಅಂದಳು, ಆಮೇಲೆ ಹೋಗಲಿಲ್ಲ, ಬಾಗಿಲಿನ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತ ನಿಂತಳು, ಕುಂದ್ರವಾ ಅಂದರೆ ಕೂರಲಿಲ್ಲ, ಹುಡಗಿ ದೊಡ್ಡಾಕಿ ಆಗ್ಯಾಳ್ರಿ, ನಿನ್ನೆ ನೀರು ಹಾಕಿ ಒಳಗ ತಗೊಂಡ್ವಿ, ಅಂದಳು ನೆಲ ನೋಡುತ್ತ, ಚಲೋ ಆತಲ್ಲವಾ, ಅಂದೆ ನಾನು, ಮತ್ತೇನು ಅನ್ನಬೇಕು, ಏನ ಚಲೋರಿ, ಇನ್ನ ಸಾಲಿಗೆ ಕಳಸೂದಿಲ್ಲ ಅಂತ ಕುಂತಾರ ನಮ್ಮತ್ತಿ, ಗಂಡ ಹುಡುಗೂರ ನಡುವ ಕುಂತು ಇನ್ನೇನ ಕಲೀಬೇಕಾಗೇತಿ, ಕುರಿ ಎಣಸಾಕ ಬರ್ತೈತಿ, ಸಾಕು — ಅತ್ತೆಯ ಧ್ವನಿಯನ್ನೇ ತೆಗೆದು, ಅತ್ತೆಯ ಹಾಗೆ ತುಟಿ ಮುಂದೆ ಮಾಡಿ ಹೇಳಿದಳು, ನನಗೆ ನಗು ಬಂತು, ಅವಳಿಗೂ ಬಂತು, ನಕ್ಕು ಮುಗಿಯುವ ಮೊದಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು, ಹುಡಗಿ ರೊಟ್ಟಿ ಮುಟ್ಟವಲ್ದು ಅಕ್ಕೋರ, ನೀವು ಮನ್ಯಾಗ ಕಲಸ್ತೀನಿ ಅಂದ್ರ ನಮ್ಮವರನ್ನ ಒಪ್ಪಸ್ತೀನಿ, ಅಕ್ಕೋರ ಮನಿ ಅಂದ್ರ ಗುಡಿ ಇದ್ದಂಗ ಅಂತಾರವರು, ಏಳನೇದರ ಮುಲ್ಕಿ ಪರೀಕ್ಷಾ ಹೊರಗಿಂದನ ಕಟ್ಟಲಿ, ಮಧ್ಯಾಹ್ನ ಆಕೀನ್ನ ಕರಕೊಂಡ ಬರ್ತೀನ್ರಿ, ಇಚಾರ ಮಾಡಿಡ್ರಿ. ವಿಚಾರ ಮಾಡು ಶಿವಲಿಂಗವ್ವ, ವಿಚಾರ ಮಾಡು, ಆದರೆ ಹಣಮವ್ವ ಓಣಿಯ ತಿರುವು ದಾಟುವ ಮೊದಲೇ ನಾನು ಅಟ್ಟದಿಂದ ಇನ್ನೊಂದು ಮಣೆ ಇಳಿಸಿ, ಒರೆಸಿ, ಪಡಸಾಲೆಯಲ್ಲಿ ನನ್ನ ಮಣೆಯ ಎದುರಿಗೆ ಹಾಕಿಬಿಟ್ಟಿದ್ದೇನೆ, ಈಗ ಅದನ್ನೇ ನೋಡುತ್ತ ಕೂತಿದ್ದೇನೆ, ವಿಚಾರವಂತೆ.

ಬೆಳಿಗ್ಗೆ ಬಂದರೆ ಸಂಜೆಯವರೆಗೆ ಇರುತ್ತಾಳೆ, ಮೊದಲು ಗಣಿತ, ಅದು ಅವಳಿಗೆ ಬೇಗ ಹತ್ತುತ್ತದೆ, ಆಮೇಲೆ ಮರಾಠಿ, ಈಗ ಸಂಸ್ಥಾನ ಹೋಗಿ ಐದಾರು ವರ್ಷವಾಯಿತು, ಕಚೇರಿಯಲ್ಲಿ ಒಂದು ಅರ್ಜಿ ಓದಬೇಕಾದರೂ ಮರಾಠಿ ಬೇಕು, ಮಧ್ಯಾಹ್ನ ಇಬ್ಬರೂ ಉಣ್ಣಬಹುದು, ಇಬ್ಬರಿಗೆ ಅಂದರೆ ನಾನು ಪುಂಡಿಪಲ್ಯ ಮಾಡುತ್ತೇನೆ, ಒಬ್ಬಳಿಗಾಗಿ ಮಾಡಿ ಎಷ್ಟು ವರ್ಷವಾಯಿತೋ, ಒಬ್ಬಳೇ ಉಣ್ಣುವವಳು ಚಟ್ನಿಪುಡಿಗೆ ಎಣ್ಣೆ ಹಾಕಿಕೊಂಡರೂ ಊಟ ಮುಗಿಯುತ್ತದೆ — ಜತ್ತಿನ ಕನ್ಯಾಶಾಲೆಯಿಂದ ನಿವೃತ್ತಳಾಗಿ ಮಾಡಗ್ಯಾಳದ ಈ ಮನೆಗೆ, ಎಂದೋ ತೀರಿಹೋದ ಗಂಡನ ಈ ಮನೆಗೆ ಬಂದಾಗ ಜನ ಬಂದರು, ಬರ್ರಿ ಅಕ್ಕೋರ, ಹೆಂಗದೀರಿ ಅಕ್ಕೋರ, ಎಲ್ಲರೂ ಗೌರವದಿಂದ ಬಾಗಿಲಲ್ಲೇ ನಿಂತು ಮಾತಾಡಿಸಿದರು, ಬಾಗಿಲಲ್ಲೇ, ಒಳಗೆ ಬಂದು ಕೂತವರು ಯಾರು, ಬೀರವ್ವನೇ, ಹಾಲು ತಂದವಳು ಚರಿಗೆ ತೊಳೆದು ಕೊಡುವವರೆಗೆ ಗೋಡೆಗೆ ಒರಗಿ ಕೂತು ಮಾತು ಶುರುಮಾಡುವವಳು, ಕೆಲವು ದಿನ ಅವಳೊಂದಿಗೆ ಆಡಿದ ಮಾತೇ ಆ ದಿನದ ಮಾತು, ಅವಳು ಹೋದ ಮೇಲೆ ನಾನು ಒಲೆಗೆ ಹೇಳುತ್ತೇನೆ, ಇದೋ ಹೊತ್ತಿಕೋ ಮಾರಾಯ್ತಿ, ಅಂತ. ಬರಲಿ. ಯಾಕೆ ಬರಬಾರದು. ಅವಳಿಗೂ ಬೇಕು, ನನಗೂ ಬೇಕು, ಅವರಪ್ಪ ಅಮಸಿದ್ದನಿಗೆ ನೆಮ್ಮದಿ, ಯಾರಿಗೆ ನಷ್ಟ — ಸಿದ್ದವ್ವನಿಗೆ. ಅಂಗಡಿ ಮುರಗೆಪ್ಪನ ಮಗಳು, ಏಳನೆಯ ಇಯತ್ತೆಯಲ್ಲಿ ಇರುವುದು ಇವರಿಬ್ಬರೇ ಹುಡುಗಿಯರು, ಸಿದ್ದವ್ವ ನಾನು ಬೆನ್ನಿಗೆ ಬೆನ್ನು ಕೊಟ್ಟು ಕುಂದರ್ತೀವ್ರಿ ಅಕ್ಕೋರ, ಬೆನ್ನು ನೋಯೂದಿಲ್ಲ, ಹಿಂದ ಯಾರರ ನಕ್ರ ಆಕಿ ನೋಡಿ ನನಗ ಹೇಳ್ತಾಳ, ಮುಂದ ನಕ್ರ ನಾ ಹೇಳ್ತೀನಿ, ಅಂದಿದ್ದಳು ಬೀರವ್ವ, ಇವಳು ಎದ್ದು ಬಂದರೆ ಆ ಬೆನ್ನಿಗೆ ಆಸರೆ ಯಾವುದು, ಮುರಗೆಪ್ಪ ನಾಳೆಯೇ ಅನ್ನುತ್ತಾನೆ, ಕುರುಬರ ಹುಡಗೀನ ಮನ್ಯಾಗ ಕುಂತಮ್ಯಾಲ ನಮ್ಮಾಕಿ ಯಾಕ ಹೋಗ್ಬೇಕು, ಅಕ್ಕೋರ ಮನೆಯೂ ಇದೆಯಲ್ಲ ಅನ್ನುವುದಿಲ್ಲ, ಅಂಗಡಿಯಲ್ಲಿ ಕೂರಿಸುತ್ತಾನೆ, ಪೊಟ್ಟಣ ಕಟ್ಟು ಅನ್ನುತ್ತಾನೆ. ಅಣ್ಣಾರಾಯ ಮಾಸ್ತರರು ಇವರಿಬ್ಬರಿಗಾಗಿ ನೀರಿನ ಹರವಿಯನ್ನು ಹುಡುಗಿಯರ ಕಡೆಯ ಬಾಗಿಲಿಗೆ ಸರಿಸಿಟ್ಟಿದ್ದಾರೆ, ಹುಡುಗರ ಸಾಲು ದಾಟಿ ಹೋಗಬಾರದೆಂದು, ಯಾಕೆ ಅಂತ ಯಾರಿಗೂ ಹೇಳಲಿಲ್ಲ, ಅಲ್ಲಿ ನೆರಳು ಐತಿ, ನೀರು ತಣ್ಣಗಿರ್ತದ, ಅಂದರಂತೆ, ಇನ್ನು ಆ ಹರವಿ ತಿರುಗಿ ಹಳೆಯ ಜಾಗಕ್ಕೆ ಹೋಗುತ್ತದೆ, ಹೋಗಲಿ ಬಿಡು, ಊರಿನ ಹುಡುಗಿಯರನ್ನೆಲ್ಲ ನಾನು ಹೊರಲು ಆಗುತ್ತದೆಯೇ, ಒಂದು ಮಗು ನನ್ನ ಎದುರು ಕೂತರೆ ಸಾಕು, ಒಂದೇ ಒಂದು.

ಅಪ್ಪ ಹೀಗೆಯೇ ಕೂರಿಸಿದ್ದರು ನನ್ನನ್ನು, ಜತ್ತಿನ ಮನೆಯ ಕಿಟಕಿಯ ಕೆಳಗೆ, ನಮ್ಮ ಅಜ್ಜಿಯೂ ಅಂದದ್ದು ಅದೇ ಮಾತು, ದೊಡ್ಡಾಕಿ ಆದಳು, ಸಾಕು, ಅಪ್ಪ ಸಂಸ್ಥಾನದ ಕಾರಕೂನ, ಕಚೇರಿಯಿಂದ ಬಂದು ಪಗಡಿ ಗೂಟಕ್ಕೆ ಹಾಕಿ, ಕೈಕಾಲು ತೊಳೆಯುವುದಕ್ಕೂ ಮೊದಲು, ಎಲ್ಲಿಗೆ ಬಂದಿದ್ವಿ ಮಗಾ, ಅನ್ನುತ್ತಿದ್ದರು, ನಾನು ಪುಟ ತೋರಿಸುತ್ತಿದ್ದೆ, ಎಂಥ ಗುರು, ಒಂದು ಸಲವೂ ಗದರಲಿಲ್ಲ, ತಪ್ಪು ಮಾಡಿದರೆ ತಾವೇ ತಲೆ ಕೆರೆದುಕೊಂಡು, ನನಗೂ ಇದು ಹತ್ತವಲ್ದು ನೋಡು, ಅನ್ನುತ್ತಿದ್ದರು, ಅವರ ದಯೆಯಿಂದ ಮೆಟ್ರಿಕ್ಕು ಹೊರಗಿನಿಂದಲೇ ಕಟ್ಟಿದೆ, ಪಾಸಾದೆ, ಅಪ್ಪ ಓಣಿಗೆಲ್ಲ ಪೇಡೆ ಹಂಚಿದರು, ಕೊಲ್ಹಾಪುರದ ಕಾಲೇಜಿಗೆ ತಾವೇ ಕರೆದೊಯ್ದು ಬಿಟ್ಟು ಬಂದರು — ಎಲ್ಲ ಓದಿದ್ದೆ, ಕಾಳಿದಾಸನನ್ನು ಓದಿದ್ದೆ, ಬೀಜಗಣಿತ ಬರುತ್ತಿತ್ತು, ಪಕ್ಕದ ಬೆಂಚಿನ ಇಂದ್ರಾಬಾಯಿ ಒಂದು ದಿನ ಪೇರಲಹಣ್ಣನ್ನು ಹಲ್ಲಿನಿಂದಲೇ ಕಚ್ಚಿ ಅರ್ಧ ಮಾಡಿ, ಸೆರಗಿನ ತುದಿಯ ಗಂಟಿನಿಂದ ಉಪ್ಪು ತೆಗೆದು ಸವರಿ, ಘೇ ಗ, ತಗೊಳ್ಳೇ, ಅಂತ ನನ್ನ ಮುಂದೆ ಹಿಡಿದಳು, ನನಗೆ ಏನು ಮಾಡಬೇಕೆಂದು ತಿಳಿಯಲಿಲ್ಲ, ತೆಗೆದುಕೊಂಡರೆ ನಾನೇನಾದರೂ ಕೊಡಬೇಕೇ, ಯಾಕೆ ಕೊಡುತ್ತಿದ್ದಾಳೆ, ನಗಬೇಕೇ, ನನ್ನೊಂದಿಗೆ ಯಾರೂ ಏನನ್ನೂ ಕಚ್ಚಿ ಅರ್ಧ ಮಾಡಿರಲಿಲ್ಲ, ನಕೋ, ಬೇಡ, ಅಂದೆ, ಸಭ್ಯವಾಗಿ, ಪುಸ್ತಕದ ಮರಾಠಿಯಲ್ಲಿ ಆಭಾರಿಯಾಗಿದ್ದೇನೆ ಅಂತಲೂ ಅಂದೆ, ಅವಳು ಒಂದು ಗಳಿಗೆ ನನ್ನ ಮುಖ ನೋಡಿ ಅರ್ಧವನ್ನು ಆ ಕಡೆಯವಳಿಗೆ ಕೊಟ್ಟಳು, ಇಬ್ಬರೂ ತಿಂದರು, ನಕ್ಕರು, ನನ್ನನ್ನು ಕುರಿತು ಅಲ್ಲ, ಸುಮ್ಮನೆ, ಆ ಸುಮ್ಮನೆ ನಗುವುದು ನನಗೆ ಕೊನೆಗೂ ಬರಲಿಲ್ಲ, ಕಾಲೇಜಿನಲ್ಲೂ, ಕನ್ಯಾಶಾಲೆಯ ಶಿಕ್ಷಕಿಯರ ಕೋಣೆಯಲ್ಲೂ, ಇಲ್ಲೂ, ಬಾಗಿಲಲ್ಲಿ ನಿಂತವರನ್ನು ಒಳಗೆ ಬಾ ಅಂತ ಕೈಹಿಡಿದು ಎಳೆಯಲು ಬಾರದ ಈ ಕೈ — ಅಪ್ಪನ ತಪ್ಪಲ್ಲ, ಅಪ್ಪ ತಮಗೆ ಇದ್ದದ್ದನ್ನೆಲ್ಲ ಕೊಟ್ಟರು. ಇದ್ದದ್ದನ್ನೆಲ್ಲ. ನಾನೂ ಹಾಗೆಯೇ ಕೊಡುತ್ತೇನೆ ಬೀರವ್ವನಿಗೆ, ನನ್ನದನ್ನೆಲ್ಲ, ನನ್ನ ಬೀಜಗಣಿತ, ನನ್ನ ಮರಾಠಿ, ನನ್ನ ಈ —

ಹೋದ ತಿಂಗಳು, ಗೋಡೆಗೆ ಒರಗಿಕೊಂಡು ಅವಳೇ ಹೇಳಿದ್ದು, ನಮ್ಮಪ್ಪ ಒಂದ ಭಾಳ ಕೆಟ್ಟ ಕೆಲಸ ಮಾಡಿದ್ರಿ ಅಕ್ಕೋರ, ಕುರಿ ಈಯೂ ದಿನಾ, ಹಿಂಡು ಬೆಳುಂಕಿ ಹಾದ್ಯಾಗ ಇತ್ತು, ಒಂದ ಕುರೀದು ಮರಿ ಸತ್ತತ್ರಿ, ಬಾಜೂಕ ಒಂದ ಮರಿ ಒಂಟಿ ನಿಂತಿತ್ತು, ಅದರ ಅವ್ವ ಸತ್ತದ ಅಂತ ತಿಳದು ನಮ್ಮಪ್ಪ ಸತ್ತ ಮರಿ ತೊಗಲ ಸುಲದು ಇದರ ಮೈಗೆ ಕಟ್ಟಿದ, ಹಂಗ ಕಟ್ಟತೀವ್ರಿ ನಾವು, ವಾಸನಿ ನೋಡಿ ಆ ಕುರಿ ತನ್ನದ ಮರಿ ಅಂತ ಮೊಲಿ ಕೊಡ್ತದ, ಕೊಡ್ತು, ಚಲೋ ಆತು ಅಂತ ಬಿಟ್ವಿ, ಸಂಜೀಕ ನೋಡಿದ್ರ ಆ ಮರೀ ಖರೇ ಅವ್ವ ಹಳ್ಳದಾಗಿಂದ ಒದರಕೋತ ಬಂತ್ರಿ, ಸತ್ತಿರಲೇ ಇಲ್ಲ, ನೀರಿಗೆ ಹೋಗಿತ್ತು, ಬಂದು ಮೂಸಿ ನೋಡಿತು — ಹಾಂ, ಆಮೇಲೆ ಏನಾತು, ಅಂದೆ ನಾನು — ಗುದ್ದಿತ್ರಿ, ತನ್ನದೇ ಮರೀನ, ತೊಗಲ ಬಿಚ್ಚಿದ್ವಿ, ಆಗರ ತಗೋತದ ಅಂತ, ಹಡದ ಅವ್ವಗೂ ಗುರ್ತ ಹತ್ತಲಿಲ್ಲ, ತೊಗಲ ತಗದ ಮ್ಯಾಲ ಮೊಲಿ ಕೊಟ್ಟ ಕುರಿಗೂ ಗುರ್ತ ಹತ್ತಲಿಲ್ಲ, ಎರಡೂ ಮೂಸ್ಯಾವು, ಎರಡೂ ಮಾರಿ ತಿರುವ್ಯಾವು. ನಮ್ಮ ಊರಿನ ಕುರಿಗಳ ಮೂಗು ಬಾಗಿದ್ದು, ಗಿಣಿಯ ಮೂಗಿನ ಹಾಗೆ, ಬಗ್ಗಿ ಮೂಸುವಾಗ ಯಾರೋ ಹಿರಿಯರು ಕನ್ನಡಕದ ಮೇಲಿನಿಂದ ನೋಡಿದಂತೆ ಕಾಣುತ್ತದೆ, ಅಂಥ ಎರಡು ಮೂಗು, ನಡುವೆ ಮರಿ. ಮತ್ತ ನೀ ಏನ ಮಾಡಿದಿ, ಅಂದೆ, ಬಟ್ಟಿ ಹಾಲಾಗ ಅದ್ದಿ ಬಾಯಾಗ ಇಟ್ಟೀನ್ರಿ, ಬದುಕೇತಿ, ಆದ್ರ ಹಿಂಡಿನ್ಯಾಗ ನಿಂದ್ರೂದಿಲ್ಲ, ಮಂದಿ ಹಿಂದ ಬರ್ತದ, ಅಂತ ನಕ್ಕಳು ಬೀರವ್ವ, ಸುಮ್ಮನೆ ನಕ್ಕಳು, ಅವಳಿಗೆ ಬರುತ್ತದೆ ಅದು.

ಬಂದರು, ಹೊರಗೆ ಬಳೆಯ ಸಪ್ಪಳ, ಬರ್ರೆವಾ ಅಂದೆ, ಬೀರವ್ವ ಅವ್ವನ ಹಳೆಯ ಸೀರೆ ಉಟ್ಟಿದ್ದಾಳೆ, ಮೊದಲ ಸೀರೆ, ನಿರಿಗೆ ಕಾಲಿಗೆ ತೊಡರಿ ಹೊಸ್ತಿಲಲ್ಲಿ ಮುಗ್ಗರಿಸಿ, ಸಾವರಿಸಿಕೊಂಡು, ಯಾರೂ ಹೇಳದೆ ನೇರ ಬಂದು ಆ ಮಣೆಯ ಮೇಲೆ ಕೂತಳು, ಚೀಲದಿಂದ ಪಾಟಿ ತೆಗೆದು ಮಡಿಲಲ್ಲಿಟ್ಟುಕೊಂಡಳು, ಎಲ್ಲಿಂದ ಶುರು ಮಾಡೂದ್ರಿ ಅಕ್ಕೋರ, ಅಂದಳು, ಈಗ ಅನ್ನಬೇಡ ಶಿವಲಿಂಗವ್ವ, ಇವತ್ತೊಂದು ದಿನ ಕೂರಲಿ, ನಾಳೆ ಹೇಳು, ನಾಳೆ ಅಂದರೆ ಎಂದೂ ಹೇಳುವುದಿಲ್ಲ ನೀನು — ಹಣಮವ್ವ, ನಾ ಮನ್ಯಾಗ ಕಲಸೂದಿಲ್ಲವಾ, ಅಂದೆ, ನನ್ನದೇ ಧ್ವನಿ, ಆಕಿ ಸಾಲಿಗೇ ಹೋಗಲಿ, ಸಿದ್ದವ್ವನ ಜೋಡಿ, ದಿನಾ ನಾನ ಕರಕೊಂಡ ಹೋಗ್ತೀನಿ, ಸಾಲಿ ಬಿಡೂ ಮಟ ಕಟ್ಟಿ ಮ್ಯಾಲ ಕುಂತು ಕರಕೊಂಡ ಬರ್ತೀನಿ, ನಿಮ್ಮತ್ತಿಗೆ ನಾನ ಬಂದು ಹೇಳ್ತೀನಿ — ಹಣಮವ್ವ ಮತ್ತೆ ಚೌಕಟ್ಟಿಗೆ ಉಗುರು ಹಚ್ಚಿದಳು, ನಿಮ್ಮ ಮನೀ ಹೆಸರ ಮ್ಯಾಲ ಅರ್ಧಾ ಒಪ್ಪಿಸಿದ್ದೆ ಅಕ್ಕೋರ, ಸಾಲಿ ಅಂದ್ರ ಅವರು ಒಲ್ಲೆ ಅಂತಾರ, ಬರ್ರಿ, ಬಂದು ಹೇಳಿ ನೋಡ್ರಿ, ನನಗಂತೂ ಧೈರ್ಯ ಇಲ್ಲ, ಅಂದಳು, ಏಳವಾ, ಅಂದಳು ಮಗಳಿಗೆ, ಮುಖ ಆ ಕಡೆ ಮಾಡಿಕೊಂಡು, ನಾನೂ ನೋಡಲಾರದೆ ಹಾಲಿನ ಚರಿಗೆಯ ಕಡೆ ತಿರುಗಿದೆ, ಸಂಜೆ ಹೋಗುತ್ತೇನೆ, ಹೋಗಿ ಅಮಸಿದ್ದನ ಮುಂದೆ ಕೂರುತ್ತೇನೆ, ಅವನವ್ವ ಏನಾದರೂ ಅನ್ನಲಿ, ಆ ಮುದುಕಿಯ ಕೈಹಿಡಿದು ಕೇಳುತ್ತೇನೆ, ಬೀರವ್ವ ಎದ್ದಿಲ್ಲ, ಪಾಟಿ ಮಡಿಲಲ್ಲೇ ಇದೆ, ಅವ್ವನನ್ನು ನೋಡಿದಳು, ನನ್ನನ್ನು ನೋಡಿದಳು, ಒಪ್ಪುತ್ತಾರೆ, ಒಪ್ಪದಿದ್ದರೆ, ಒಪ್ಪದಿದ್ದರೆ ಆಗ ಶಾಲೆಯೂ ಇಲ್ಲ, ಈ ಮಣೆಯೂ ಇಲ್ಲ — ಹಳ್ಳದ ದಂಡೆಯಲ್ಲಿ ಸಂಜೆ, ಬಾಗಿದ ಮೂಗೊಂದು ಈ ಕಡೆ, ಬಾಗಿದ ಮೂಗೊಂದು ಆ ಕಡೆ, ಎರಡೂ ಮೂಸಿ, ಎರಡೂ ತಿರುಗಿ, ನಡುವೆ ಮರಿ, ಕಾಲು ಅಗಲಿಸಿ ನಿಂತಿದೆ, ಬಾಯಿ ತೆರೆದಿದೆ, ನಡುವೆ ಮರಿ —