ಒಂದು ಬೆರಳಗಲ

ಬ್ರೆಡ್ಡಿನ ತುಂಡು ಬಾಯಿಗಿಡಲು ಹೋದಾಗಲೇ ದವಡೆಗೆ ಬೀಗ ಬಿದ್ದಿರುವುದು ಅವಳಿಗೆ ಗೊತ್ತಾಯಿತು. ಬಾಯಿ ಒಂದು ಬೆರಳಗಲ ತೆರೆದು ಅಲ್ಲಿಗೇ ನಿಂತಿತು. ತೀರಿಕೊಂಡ ಗಂಡನ ಪಕ್ಕ ರಾತ್ರಿಯಿಡೀ ಹಲ್ಲು ಕಚ್ಚಿಕೊಂಡು ಕೂತಿದ್ದರ ಫಲ ಅದು. ಏನೋ ಹೇಳಲು ಹೋದರೆ ಎಡಗಿವಿಯ ಬುಡ ಸಿಡಿದು, ಬರೀ ಮುಲುಕು ಹೊರಬಂತು.

"ಪಾಪ, ಅತ್ತಿಗೆಗೆ ಮಾತೇ ಹೊರಡ್ತಿಲ್ಲ," ಎಂದು ನಾದಿನಿ ತಟ್ಟೆ ತೆಗೆದಿಟ್ಟಳು. "ಸ್ಮಶಾನದ ಗಾಡಿ ಬಂದ್ಮೇಲೆ ಅಣ್ಣನ ಬಗ್ಗೆ ನಾಲ್ಕು ಮಾತು ನಾನೇ ಹೇಳ್ತೀನಿ ಬಿಡಿ."

ಬೇಡವೆಂದು ಅವಳು ತಲೆಯಾಡಿಸಿದಳು. ಆ ನಾಲ್ಕು ಮಾತು ತಾನೇ ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದಳು. ನಾದಿನಿ ಕೆಟ್ಟವಳಲ್ಲ. ಆದರೆ ಅಣ್ಣನ ಕೆಲಸ ಏನೆಂದು ಇವತ್ತಿಗೂ ಅವಳ ತಲೆಗೆ ಹತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಫೋಟೋ ತೆಗೆಯುತ್ತಾನೆ ಎಂದೇ ಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಜನ ಸೇರತೊಡಗಿದರು.

"ಮಾತಾಡ್ಸಿದ್ರೆ ಕಣ್ಣು ನೋಡ್ತಿರ್ಲಿಲ್ಲ, ಗದ್ದ ನೋಡ್ತಿದ್ರು," ಎಂದ ಪಕ್ಕದ ಮನೆಯವನು. "'ಬಲಗಡೆ ಮಾತ್ರ ಅಗೀತೀರಲ್ವಾ?' ಅಂತ ಕೇಳ್ಬಿಟ್ರು ಒಂದ್ಸಲ. ಅವತ್ತಿಂದ ಅವ್ರೆದುರು ತಿನ್ನೋಕೇ ಭಯ ನಂಗೆ."

"ಮಕ್ಳು ಸುಮ್ನೆ ದವಡೆ ಮಾಮ ಅಂತಿದ್ರಾ," ಎಂದಳು ಅವನ ಹೆಂಡತಿ. ಇಬ್ಬರೂ ನಕ್ಕು, ನಗಬಾರದಿತ್ತೇನೋ ಎಂಬಂತೆ ಕೆಮ್ಮಿದರು. ಅವಳಿಗೂ ನಗು ಬಂತು. ನಗಲಿಕ್ಕೂ ಬಾಯಿ ಬೇಕಲ್ಲ.

ದವಡೆ ಮಾಮನ ಗದ್ದದ ಕೆಳಗಿಂದ ತಲೆಯ ಮೇಲಕ್ಕೆ ಬಿಳಿ ಬಟ್ಟೆ ಕಟ್ಟಿದ್ದರು. ಗಂಟು ಒಂದು ಪಕ್ಕಕ್ಕೆ ಸರಿದಿತ್ತು. ಬೇರೆ ಯಾರಿಗಾದರೂ ಹೀಗೆ ಕಟ್ಟಿದ್ದರೆ ಅವನು ಸುಮ್ಮನಿರುತ್ತಿರಲಿಲ್ಲ.

*

ಅವನು ಅವಳ ಮುಖಕ್ಕಿಂತ ಮೊದಲು ನೋಡಿದ್ದು ಅವಳ ದವಡೆಯ ಕೀಲನ್ನು. ದವಡೆ ನೋವಿನ ಅಧ್ಯಯನಕ್ಕೆಂದು ತೆಗೆದ ಎಂಆರ್‌ಐ ಚಿತ್ರಗಳು ಅವನ ಮೇಜಿಗೆ ಬರುತ್ತಿದ್ದವು. ಕೀಲಿನ ನಡುವೆ ಒಂದು ಪುಟ್ಟ ಮೆತ್ತೆ ಇರುತ್ತದೆ. ಅದರ ಸುತ್ತ ಗೆರೆ ಎಳೆದೆಳೆದು, ಅದನ್ನು ತಾನೇ ಗುರುತಿಸುವಂತೆ ಕಂಪ್ಯೂಟರಿಗೆ ಕಲಿಸುವುದು ಅವನ ಕೆಲಸ.

ಅವಳೋ ಅಷ್ಟು ಹೊತ್ತಿಗೆ ಆಸ್ಪತ್ರೆಗಳ ಮೆಟ್ಟಿಲು ಸವೆಸಿದ್ದಳು. ಎಲ್ಲರದೂ ಒಂದೇ ಉತ್ತರ, ನಿಮಗೆ ಏನೂ ಆಗಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಮಗಳು ನಾಟಕ ಮಾಡುತ್ತಾಳೆಂದು ಹೆತ್ತ ತಾಯಿಯೇ ಅಂದಿದ್ದಳು.

ಕೊನೆಗೆ ಆ ಅಧ್ಯಯನಕ್ಕೆ ಹೆಸರು ಕೊಟ್ಟು, ತನ್ನ ಚಿತ್ರ ನೋಡಲು ಬಂದವಳತ್ತ ಅವನು ಪರದೆಯನ್ನು ತಿರುಗಿಸಿದ್ದ. "ಇಲ್ನೋಡಿ, ಮೆತ್ತೆ ಮುಂದಕ್ಕೆ ಜಾರಿದೆ. ಬಾಯಿ ತೆಗೆಯೋಕೆ ಹೋದ್ರೆ ಮೂಳೆಗೆ ಅಡ್ಡ ಬರುತ್ತೆ. ನೀವು ಹೇಳಿದ್ದೆಲ್ಲ ನಿಜ."

ಅವಳಿಗೆ ಅಲ್ಲೇ ಅಳು ಒತ್ತರಿಸಿತು. ಅವನು ಗಾಬರಿಯಾಗಿ, "ಅಳೋದಾದ್ರೆ ಬಾಯಿ ಜಾಸ್ತಿ ತೆಗೀಬೇಡಿ," ಎಂದ. ಇಂಥವನನ್ನು ಮದುವೆಯಾಗದೆ ಇನ್ನೇನು ಮಾಡುವುದು?

ಆಮೇಲೆ ಕೀಲು ಸಿಕ್ಕಿಕೊಂಡಾಗಲೆಲ್ಲ ಅವನು ಅವಳ ಎಡಗೆನ್ನೆಗೆ ಅಂಗೈ ಇಟ್ಟು ಹೇಳುತ್ತಿದ್ದ, "ಅವಸರ ಇಲ್ಲ. ಗದ್ದ ಬಲಕ್ಕೆ ಜಾರ್ಸು. ಹಾಂ, ಈಗ ತೆಗಿ." ಟಕ್ ಎಂದು ಸದ್ದಾದರೆ ಮೆತ್ತೆ ಜಾಗಕ್ಕೆ ಬಂತೆಂದು ಅರ್ಥ. ಅವನಿಲ್ಲದೆ ಅವಳು ಅದನ್ನು ಒಮ್ಮೆಯೂ ಮಾಡಿಕೊಂಡಿರಲಿಲ್ಲ.

*

ಗಾಡಿ ಬಂದು ಬಾಗಿಲಲ್ಲಿ ನಿಂತಿತು. ನಾದಿನಿ ಎದ್ದು ಗಂಟಲು ಸರಿಮಾಡಿಕೊಂಡಳು. "ನಮ್ಮಣ್ಣ ಆಸ್ಪತ್ರೇಲಿ ಫೋಟೋ..."

ಅವಳು ಥಟ್ಟನೆ ಎದ್ದು ನಾದಿನಿಯ ತೋಳು ಹಿಡಿದಳು. ಮಾತು ನಿಂತಿತು. ಅವಳು ಗಂಡನ ಪಕ್ಕ ಮಂಡಿಯೂರಿ, ಬಾಗಿ, ಅವನ ತಣ್ಣನೆಯ ಕೈಗೆ ಎಡಗೆನ್ನೆ ಒತ್ತಿದಳು. ಅವಸರ ಮಾಡಲಿಲ್ಲ. ಗದ್ದವನ್ನು ಬಲಕ್ಕೆ ಜಾರಿಸಿದಳು. ಕಣ್ಣಲ್ಲಿ ನೀರು ಬರುವಷ್ಟು ನೋವಾಯಿತು. ಇನ್ನೂ ಸ್ವಲ್ಪ ಜಾರಿಸಿ, ಮೆಲ್ಲಗೆ ತೆರೆದಳು.

ಟಕ್.

ಕೋಣೆಗೆಲ್ಲ ಕೇಳಿಸಿತು. ಪಕ್ಕದ ಮನೆಯವನು ಬೆಚ್ಚಿ ಹೆಣದ ಗದ್ದ ನೋಡಿದ.

"ಫೋಟೋ ಅಲ್ಲ," ಎಂದಳು ಅವಳು. "ನಂಗೆ ನೋವಿದೆ ಅಂದ್ರೆ ಯಾರೂ ನಂಬ್ತಿರ್ಲಿಲ್ಲ. ಇವ್ರು ಅದರ ಸುತ್ತ ಗೆರೆ ಎಳೆದು ತೋರಿಸಿದ್ರು."

ಜೋಡಿಸಿಟ್ಟಿದ್ದ ಉಳಿದ ಮಾತೆಲ್ಲ ಮರೆತುಹೋಗಿತ್ತು. ಗಂಡನ ತಲೆಯ ಮೇಲಿನ ಗಂಟನ್ನು ನಡುವಿಗೆ ತಂದು ಸರಿಮಾಡಿದಳು. ಆಮೇಲೆ, ಬಾಯಿ ಎಷ್ಟು ತೆರೆಯುತ್ತದೋ ಅಷ್ಟೂ ತೆರೆದು ಅತ್ತಳು.