ಜೆಟ್ಟಿಗೆ ಲೋಹದ ಕಾಲು

ಮದುವೆಯಾದ ಹತ್ತನೇ ವರ್ಷಕ್ಕೆ ಗಂಡ ಅವಳಿಗೊಂದು ಜೆಟ್ ಕೊಡಿಸಿದ. ನಿಜವಾದದ್ದಲ್ಲ, ಫೋಮಿನದು, ತೋಳುದ್ದದ್ದು, ಹೊಟ್ಟೆಯೊಳಗೆ ಬ್ಯಾಟರಿಯಿಂದ ತಿರುಗುವ ಪುಟ್ಟ ಫ್ಯಾನ್ ಇಟ್ಟುಕೊಂಡು ರಿಮೋಟಿನ ಮಾತು ಕೇಳಿ ಹಾರುವಂಥದು. ಹೆಸರಿಗೆ ಅವಳಿಗೆ, ಆಸೆ ಅವನದು ಅನ್ನುವುದು ಪೆಟ್ಟಿಗೆ ಬಿಚ್ಚುವಾಗಲೇ ಅವಳಿಗೆ ಗೊತ್ತಾಗಿತ್ತು. ಆದರೆ ಆದದ್ದೇ ಬೇರೆ. ಗಂಡನ ಕೈಯಲ್ಲಿ ಅದು ಬೇಲಿಗೆ, ಮರಕ್ಕೆ, ಒಮ್ಮೆ ಅವನು ವರ್ಷಗಳಿಂದ ಹೋಗುತ್ತಿದ್ದ ಮಾದರಿ ವಿಮಾನದ ಕ್ಲಬ್ಬಿನ ಅಧ್ಯಕ್ಷರ ಕಾರಿಗೆ ಹೋಗಿ ಮುತ್ತಿಟ್ಟಿತು. ಅವಳ ಕೈಯಲ್ಲಿ ಸುಮ್ಮನೆ ಹಾರಿತು. ಕನ್ನಡಕದ ಅಂಗಡಿಯಲ್ಲಿ ಹದಿನಾಲ್ಕು ವರ್ಷ ಫ್ರೇಮಿಗೆ ಗಾಜು ಕೂರಿಸಿದ ಬೆರಳುಗಳು. ಎಷ್ಟು ಒತ್ತಬೇಕು, ಎಲ್ಲಿ ಬಿಡಬೇಕು ಅಂತ ಅವಕ್ಕೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹೇಳಿಕೊಡುವುದಕ್ಕೆ ಗಂಡನಿದ್ದ. ಪರೀಕ್ಷೆ ಪಾಸಾಗದವರು ಒಬ್ಬರೇ ಹಾರಿಸುವಂತಿಲ್ಲ, ಪಾಸಾದವರೊಬ್ಬರು ಪಕ್ಕದಲ್ಲಿ ನಿಂತಿರಬೇಕು ಎಂದು ಕ್ಲಬ್ಬಿನ ನಿಯಮ. ಗಂಡ ಆರು ವರ್ಷದ ಹಿಂದೆ, ಪರೀಕ್ಷಕರಿಗೆ ಕಣ್ಣಿನ ಪೊರೆ ಬಂದಿದ್ದ ವರ್ಷ, ಹೇಗೋ ಪಾಸಾಗಿದ್ದ. ಹಾಗಾಗಿ ಪ್ರತಿ ಭಾನುವಾರ ಅವಳ ಎಡಗಿವಿಗೆ ಅಂಟಿಕೊಂಡು ನಿಲ್ಲುತ್ತಿದ್ದ. "ಏರಿಸು, ಏರಿಸು, ಅಯ್ಯೋ ಅಷ್ಟಲ್ಲ! ತಿರುಗಿಸು. ಈಗಲ್ಲ ಕಣೇ. ಹಾಂ, ಈಗ!" ಅವಳು ಚೆನ್ನಾಗಿ ಇಳಿಸಿದರೆ ಬೆವರು ಒರೆಸಿಕೊಂಡು, "ಇಳಿಸಿಬಿಟ್ವಿ ನೋಡಿ" ಎಂದು ಊರಿಗೆಲ್ಲ ಸಾರುತ್ತಿದ್ದ. ಪರೀಕ್ಷಕರು ಬರುವುದು ವರ್ಷಕ್ಕೊಮ್ಮೆ. ಈ ಸಲ ಪಾಸಾಗಲೇಬೇಕು, ಒಂದೇ ಒಂದು ದಿನವಾದರೂ ಈ ದನಿಯಿಲ್ಲದೆ ಹಾರಿಸಬೇಕು ಎಂದು ಅವಳು ಹಠ ಹಿಡಿದಿದ್ದಳು.

ಪರೀಕ್ಷೆಗೆ ಒಂದು ತಿಂಗಳಿದೆ ಎನ್ನುವಾಗ ಗಂಡ ದೊಡ್ಡ ಪೆಟ್ಟಿಗೆಯೊಂದನ್ನು ಹೊತ್ತುಕೊಂಡು ಬಂದ. ಅವನು ಲಿಫ್ಟ್ ರಿಪೇರಿ ಕಂಪನಿಯಲ್ಲಿ ಸೂಪರ್‌ವೈಸರ್. ಇದ್ದದ್ದನ್ನು ಇದ್ದಹಾಗೆ ಬಿಡುವುದು ಅವನ ಜಾತಕದಲ್ಲೇ ಇರಲಿಲ್ಲ.

"ನಿನ್ನ ಪರೀಕ್ಷೆಗೇ ಅಂತ ತಂದಿದ್ದು. ನಾಲ್ಕು ಸೆಲ್ ಬ್ಯಾಟರಿ ಎಲ್ಲಿ, ಆರು ಸೆಲ್ ಎಲ್ಲಿ! ನೋಡ್ತಾ ಇರು."

ಅವಳು ನೋಡುತ್ತಲೇ ಇದ್ದಳು. ಆರು ಸೆಲ್ಲಿಗೆ ಹಳೆಯ ಮೋಟರ್ ತಾಳುವುದಿಲ್ಲವೆಂದು ದೊಡ್ಡ ಮೋಟರ್ ಬಂತು. ಮೋಟರಿಗೆ ತಕ್ಕಂತೆ ಹನ್ನೆರಡು ಎಸಳಿನ ಫ್ಯಾನ್ ಬಂತು. ದೊಡ್ಡ ಬ್ಯಾಟರಿಗೆ ಮೂಗು ಬಾಗಿತೆಂದು ಬಾಲಕ್ಕೆ ಸೀಸದ ತುಂಡು ಅಂಟಿಸಿದ. ಇಷ್ಟು ಭಾರವನ್ನು ತಂತಿಯ ಕಾಲು ಹೊರಲಾರದೆಂದು ರೆಕ್ಕೆಯೊಳಗೆ ಮಡಚಿಕೊಳ್ಳುವ ಲೋಹದ ಕಾಲು ಹಾಕಿದ. ಆ ಕಾಲೂ ಸುಮ್ಮನೆ ಬರಲಿಲ್ಲ, ಮಡಚುವ ಮೋಟರುಗಳನ್ನು ಕರೆದುಕೊಂಡೇ ಬಂತು. ಕೊನೆಗೆ ಭಾರ ಜಾಸ್ತಿಯಾಯಿತು, ಇನ್ನೂ ಶಕ್ತಿ ಬೇಕು ಎಂದು ಅವನೇ ತಲೆ ಕೆರೆದುಕೊಂಡ.

ಅವಳು ಜೆಟ್ಟನ್ನು ಅಡುಗೆಮನೆಯ ತಕ್ಕಡಿಯ ಮೇಲಿಟ್ಟಳು. "ಮುಕ್ಕಾಲು ಕೆಜಿ ಜಾಸ್ತಿ ಆಗಿದೆ ರೀ."

"ಅದು ತೂಕ ಅಲ್ಲ ಕಣೇ, ಗಟ್ಟಿತನ."

ಮೂಲೆಯಲ್ಲಿ ಕುಳಿತಿದ್ದ ಅತ್ತೆ ಪೇಪರಿನಿಂದ ತಲೆ ಎತ್ತದೆ ಹೇಳಿದರು. "ನನ್ನ ಮಿಕ್ಸಿಗೂ ಹೀಗೇ ಗಟ್ಟಿತನ ಬರಿಸಿದ್ದ. ಅವತ್ತಿಂದ ಅದು ರುಬ್ಬಲ್ಲ, ಕಟ್ಟೆ ಮೇಲೆ ಓಡುತ್ತೆ."

ಮುಂದಿನ ಭಾನುವಾರ ಹಾರಿಸಿ ನೋಡಿದರು. ಮೇಲೇನೋ ಬಾಣದ ಹಾಗೆ ಹೋಯಿತು. ಇಳಿಯುವಾಗ ಗ್ರಹಚಾರ ಕೆಟ್ಟಿತು. ವೇಗ ತುಸು ತಗ್ಗಿಸಿದರೂ ಭಾರಕ್ಕೆ ಕುಸಿಯುತ್ತಿತ್ತು. ತಗ್ಗಿಸದಿದ್ದರೆ ಇಳಿಯುವ ಪಟ್ಟಿಯೇ ಮುಗಿದುಹೋಗುತ್ತಿತ್ತು. ಕಿವಿಯಲ್ಲಿ "ಕಾಲು ಬಿಡು! ಕಾಲು!" ಎಂಬ ಕೂಗು ಬೇರೆ. ಜೆಟ್ ದೊಪ್ಪನೆ ನೆಲಕ್ಕೆ ಕೂತಿತು, ಎಡಗಾಲು ಅರ್ಧ ರೆಕ್ಕೆಯನ್ನು ಕಿತ್ತುಕೊಂಡು ಹೊರಬಂತು. ಗಂಡ ಓಡಿಹೋಗಿ ಕಾಲನ್ನು ಎತ್ತಿ ಹಿಡಿದ.

"ನೋಡ್ರೀ ಎಲ್ಲಾರೂ! ಕೂದಲೆಳೆಯಷ್ಟೂ ಬಗ್ಗಿಲ್ಲ!"

ರೆಕ್ಕೆಯ ಚೂರು ಅವನ ಚಪ್ಪಲಿಯ ಕೆಳಗಿತ್ತು. ಅವಳು ಕಾರಿನಲ್ಲಿ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು. ಅವನು ಅದನ್ನು ಸಂತೋಷವೆಂದು ತಿಳಿದನೋ ಏನೋ, ಮನೆಗೆ ಬಂದು ಇನ್ನೂ ದಪ್ಪನೆಯ ಪ್ಲೈವುಡ್ ಇಟ್ಟು ರೆಕ್ಕೆ ಅಂಟಿಸಿದ.

ಪರೀಕ್ಷೆಯ ಹಿಂದಿನ ದಿನ ಶನಿವಾರ. ಗಂಡ ಕೆಲಸಕ್ಕೆ ಹೊರಟ ಮೇಲೆ ಅವಳು ಮಂಚದ ಕೆಳಗಿನ ಡಬ್ಬಿಯನ್ನು ಎಳೆದಳು. ಅವನು ಯಾವುದನ್ನೂ ಎಸೆಯುವವನಲ್ಲ, ಅದೊಂದು ಪುಣ್ಯ. ಹಳೆಯ ಮೋಟರ್, ಹಳೆಯ ಫ್ಯಾನ್, ನಾಲ್ಕು ಸೆಲ್ಲಿನ ಬ್ಯಾಟರಿಗಳು, ತಂತಿಯ ಕಾಲು ಎಲ್ಲವೂ ಸಿಕ್ಕವು. ಅಂಗಡಿಯ ಸಣ್ಣ ಸ್ಕ್ರೂಡ್ರೈವರುಗಳನ್ನು ಹರವಿಕೊಂಡು ಕೂತಳು. ಲೋಹ ಬಿಚ್ಚಿದಳು, ಸೀಸ ಕಿತ್ತಳು, ಪ್ಲೈವುಡ್ಡನ್ನು ಬೇಕಾದಷ್ಟೇ ಉಳಿಸಿ ಕೆತ್ತಿದಳು. ಅತ್ತೆ ಕೇಳದೆಯೇ ಬಂದು ರೆಕ್ಕೆ ಹಿಡಿದುಕೊಂಡರು.

"ಅತ್ತೆ, ಅವರಿಗೆ ಹೇಳಿಬಿಡ್ತೀರಾ?"

"ನಾನು ಹೇಳಿದ್ದು ಅವನು ಕೇಳಿಸಿಕೊಂಡಿದ್ದು ಯಾವತ್ತಮ್ಮ?"

ಸಂಜೆಯ ಹೊತ್ತಿಗೆ ಜೆಟ್ ಮೊದಲಿನ ತೂಕಕ್ಕೆ ಬಂದು ಹೊದಿಕೆಯೊಳಗೆ ಸೇರಿತು, ಬಿಚ್ಚಿದ ಸಾಮಾನು ಒಂದು ಚೀಲಕ್ಕೆ ಸೇರಿತು.

ಭಾನುವಾರ ಪರೀಕ್ಷಕರು ಬಂದರು. ಟೋಪಿ ಹಾಕಿದ ಉದ್ದನೆಯ ಮುದುಕರು, ಮಾತಿನಲ್ಲಿ ಜಿಪುಣರು. "ಪರೀಕ್ಷೆ ಕೊಡೋರು ಮಾತ್ರ ಒಳಗೆ. ಉಳಿದೋರು ಬೇಲಿಯಾಚೆ. ಯಾರೂ ಕೈ ಹಚ್ಚಬಾರದು, ಬಾಯೂ ಹಾಕಬಾರದು." ಗಂಡನ ಮುಖ ಇಂಗು ತಿಂದ ಮಂಗನಂತಾಯಿತು.

ಅವಳು ಬ್ಯಾಟರಿ ಸಿಕ್ಕಿಸಿ ಹಾರಿಸಿದಳು. ಜೆಟ್ ಒಂಚೂರೂ ಓಲಾಡಲಿಲ್ಲ. ಎಂಟರ ಆಕಾರದಲ್ಲಿ ಎರಡು ಸುತ್ತು ಹಾಕಿತು. ಬೇಲಿಯಾಚೆಯಿಂದ ಗಂಡನ ವಿವರಣೆ ತೇಲಿ ಬರುತ್ತಿತ್ತು. "ಸೌಂಡ್ ಕೇಳಿದ್ರಾ? ಆರು ಸೆಲ್! ಕಾಲು ಮಡಚಬೇಡ ಅಂತ ನಾನೇ ಹೇಳಿದ್ದು, ಪರೀಕ್ಷೇಲಿ ರಿಸ್ಕ್ ಯಾಕೆ ಅಂತ." ಜೆಟ್ ಪಟ್ಟಿಯ ಮಧ್ಯಕ್ಕೆ ಮೆಲ್ಲಗೆ ಇಳಿದು, ತಂತಿಯ ಕಾಲ ಮೇಲೆ ಸ್ವಲ್ಪ ಕುಣಿದು ನಿಂತಿತು. ಪರೀಕ್ಷಕರು ಹಾಳೆಗೆ ಸಹಿ ಹಾಕಿ, "ಇನ್ನು ಒಬ್ಬಳೇ ಹಾರಿಸಿಕೊಳ್ಳಮ್ಮ" ಎಂದು ಅವಳ ಕೈಗೆ ಕೊಟ್ಟರು.

ಹೊರಗೆ ಬಂದರೆ ಎಲ್ಲರೂ ಗಂಡನ ಕೈ ಕುಲುಕುತ್ತಿದ್ದರು. ಅವಳ ಮೈ ಉರಿದುಹೋಯಿತು. ಚೀಲ ತಂದು ಮೇಜಿನ ಮೇಲೆ ಸುರಿದಳು. ಲೋಹದ ಕಾಲುಗಳು, ಮೋಟರ್, ಸೀಸದ ತುಂಡು ಎಲ್ಲ ಠಣಠಣ ಬಿದ್ದವು.

"ರೀ, ನಿಮ್ಮ ಸಾಮಾನು. ನಿನ್ನೆನೇ ಬಿಚ್ಚಿಟ್ಟೆ. ಇವತ್ತು ಹಾರಿದ್ದು ಹಳೇದು."

ಗಂಡನ ಬಾಯಿ ತೆರೆದೇ ಇತ್ತು. ಅವಳಿಗೆ ಒಂದು ಕ್ಷಣ ಅಯ್ಯೋ ಪಾಪ ಅನ್ನಿಸಿದ್ದೂ ಉಂಟು. ಚೇತರಿಸಿಕೊಳ್ಳಲು ಅವನಿಗೆ ಆ ಕ್ಷಣವೇ ಸಾಕಾಯಿತು.

"ಅದೇ ನಾನು ಹೇಳೋದು!" ಎಂದು ಮೇಜು ಕುಟ್ಟಿದ. "ಒಂದು ತಿಂಗಳು ಭಾರದ್ದನ್ನ ಹಾರಿಸಿ ಕೈ ಪಳಗಿತು, ಅದಕ್ಕೇ ಹಗುರದ್ದು ಇಷ್ಟು ಸಲೀಸಾಗಿ ಹಾರಿದ್ದು. ಇದು ಒಂದು ವಿಧಾನ!"

ತಲೆಗಳು ಅಲ್ಲಾಡಿದವು. ಒಬ್ಬ ಲೋಹದ ಕಾಲನ್ನು ಎತ್ತಿ ಬೆಳಕಿಗೆ ಹಿಡಿದ. ಇನ್ನೊಬ್ಬ ಎಷ್ಟು ವಾರ ಭಾರ ಹಾಕಬೇಕೆಂದು ಕೇಳಿದ. ಅಧ್ಯಕ್ಷರು, ತಮ್ಮ ಕಾರಿನ ಗಾಯವನ್ನೂ ಮರೆತು, ಮುಂದಿನ ವಾರ ಇದರ ಬಗ್ಗೆ ಎಲ್ಲರಿಗೂ ಒಂದು ಉಪನ್ಯಾಸ ಕೊಡಬೇಕೆಂದರು. ಗಂಡ ಆಗಲೇ ಶುರು ಮಾಡಿದ್ದ.

ಜಗಳಕ್ಕೆ ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಎಲ್ಲರ ಬೆನ್ನೂ ಪಟ್ಟಿಯ ಕಡೆಗಿತ್ತು. ಅವಳು ಜೆಟ್ ಎತ್ತಿಕೊಂಡು ಬೇಲಿ ದಾಟಿ ಹೋಗಿ ಇನ್ನೊಂದು ಬ್ಯಾಟರಿ ಸಿಕ್ಕಿಸಿದಳು. ಜೆಟ್ ಓಡಿತು, ಎದ್ದಿತು, ಬೇಕೆಂದ ಕಡೆಗೆ ಬಾಗಿತು. ಅಷ್ಟು ಹೊತ್ತಿಗೆ ಗಂಡ ತಿರುಗಿ ನೋಡಿ, ಕೈ ಬೀಸಿ ಬೀಸಿ ಏನೋ ಕೂಗಿದ. ಗಾಳಿ ಅವನ ಕಡೆಗೇ ಬೀಸುತ್ತಿತ್ತು. ಅವಳಿಗೆ ಒಂದಕ್ಷರವೂ ಕೇಳಿಸಲಿಲ್ಲ.