ಅರ್ಧರ್ಧ ಮಿಲಿಮೀಟರ್

ಸಿಬ್ಬಂದಿ ತಮ್ಮ ಮನೆಯವರನ್ನು ತಾವೇ ಪರೀಕ್ಷಿಸಬಾರದು ಎಂಬುದು ಆ ಡಯಾಲಿಸಿಸ್ ಘಟಕದ ಕಟ್ಟುಪಾಡು. ಆದರೆ ಜೊತೆಯ ತಂತ್ರಜ್ಞೆ ಜ್ವರ ಬಂದು ಮಲಗಿದ್ದಳು. ಹೀಗಾಗಿ ತಂಗಿಯೇ ಅಣ್ಣನ ತೋಳಿಗೆ ಜೆಲ್ ಹಚ್ಚಿ ಅಲ್ಟ್ರಾಸೌಂಡ್ ಪ್ರೋಬ್ ಇಟ್ಟಳು.

ಅಣ್ಣ ಈಜು ಕಲಿಸುವವನು. ಅವನ ಎಡತೋಳಿನಲ್ಲಿ ಅಪಧಮನಿಯನ್ನು ಅಭಿಧಮನಿಗೆ ಸೇರಿಸಿ ಹೊಲಿದಿದ್ದರು. ಯಂತ್ರಕ್ಕೆ ರಕ್ತ ಹೋಗಿಬರುವುದು ಆ ಉಬ್ಬಿದ ನಾಳದಿಂದ. ಬಲತೋಳಿನದು ಹಿಂದೆಯೇ ಮುಚ್ಚಿಹೋಗಿತ್ತು. ಇದೂ ಕೈಕೊಟ್ಟರೆ ಕುತ್ತಿಗೆಗೆ ಕೊಳವೆ. ಕೊಳವೆ ಹಾಕಿಸಿಕೊಂಡವರು ನೀರಿಗಿಳಿಯುವಂತಿಲ್ಲ.

“ಹೇಗಿದೆಯೇ ನಲ್ಲಿ? ಬರ್ತಿದೆಯಾ, ತೊಟ್ಟಿಕ್ತಿದೆಯಾ?”

“ಸುಮ್ನಿರಣ್ಣ. ಮಾತಾಡಿದ್ರೆ ಕೈ ಅಲುಗುತ್ತೆ.”

ನಿಮಿಷಕ್ಕೆ ಮುನ್ನೂರಾ ತೊಂಬತ್ತು ಮಿಲಿಲೀಟರ್. ಐನೂರಕ್ಕಿಂತ ಕೆಳಗಿಳಿದರೆ ನಾಳ ಎಲ್ಲೋ ಕಿರಿದಾಗಿದೆ ಎಂದು ಲೆಕ್ಕ. ತಾನೇ ಕೈ ಬಿಗಿಹಿಡಿದಿರಬಹುದು ಎಂದುಕೊಂಡಳು. ಪ್ರೋಬ್ ಒತ್ತಿದರೆ ನಾಳ ಚಪ್ಪಟೆಯಾಗಿ ಅಂಕಿ ಇಳಿಯುತ್ತದೆ. ಇನ್ನಷ್ಟು ಜೆಲ್ ಸುರಿದು, ಚರ್ಮಕ್ಕೆ ತಾಗಿಯೂ ತಾಗದಂತೆ ಹಿಡಿದಳು. ನಾಳ ದುಂಡಗಾಯಿತು. ನಾನೂರಾ ಮೂವತ್ತು. ಮತ್ತೆ ಅಳೆದಳು. ಅಷ್ಟೇ ಬಂತು.

ಅವಳಿಗೆ ಏನೂ ಅನಿಸಲಿಲ್ಲ. ಜೆಲ್ ತಣ್ಣಗಿದೆ ಎಂಬುದಷ್ಟೇ ಗೊತ್ತಾಯಿತು.

“ಕಡಿಮೆ ಅಲ್ವಾ?” ಅಣ್ಣ ಕೇಳಿದ. “ದಡದಲ್ಲಿ ನಿಂತು ಸೀಟಿ ಊದೋಕೆ ನಾನೇನು ಪೊಲೀಸಾ? ಇದೊಂದ್ಸಲ ಸ್ವಲ್ಪ ಜಾಸ್ತಿ ಬರಿ ತಾಯಿ.”

ಅದೇನು ಕಷ್ಟದ ಕೆಲಸವಲ್ಲ. ನಾಳದ ಅಗಲ ಗುರುತಿಸುವ ಎರಡು ಚುಕ್ಕೆಗಳನ್ನು ಒಳಅಂಚಿನಿಂದ ಅರ್ಧರ್ಧ ಮಿಲಿಮೀಟರ್ ಹೊರಕ್ಕೆ ಸರಿಸಿದಳು. ಐದು ಮಿಲಿಮೀಟರ್ ಆರಾಯಿತು. ಹರಿವಿನ ಲೆಕ್ಕ ಅಗಲದ ವರ್ಗವನ್ನು ಹಿಡಿದು ಹೋಗುತ್ತದೆ: ಆರುನೂರಾ ಹತ್ತೊಂಬತ್ತು. ಇಬ್ಬರೂ ಪರದೆಯನ್ನೇ ನೋಡುತ್ತಿದ್ದರು. ಅಣ್ಣ ಉಸಿರು ಬಿಟ್ಟ. ನಾಳ ಮಾತ್ರ ಇದ್ದ ಹಾಗೇ ಇತ್ತು.

ಕಿರಿದಾದ ಜಾಗವನ್ನು ಈಗ ಬಲೂನಿನಿಂದ ಹಿಗ್ಗಿಸಿ ನೋಡಬಹುದು. ಹೆಪ್ಪುಗಟ್ಟಿ ಮುಚ್ಚಿದರೆ ಉಳಿಸುವುದು ಕಷ್ಟ. ಬಲತೋಳಿನಲ್ಲಿ ಬಲೂನು ಫಲಿಸಿರಲಿಲ್ಲ. ಎರಡೂ ಅವಳಿಗೆ ಗೊತ್ತಿತ್ತು.

“ಎಷ್ಟು ಬಂತಮ್ಮಾ?” ಪಕ್ಕದ ಹಾಸಿಗೆಯ ಬಳಿಯಿಂದ ಡಾಕ್ಟರು ಕೇಳಿದರು.

ಅವಳು ಚುಕ್ಕೆಗಳನ್ನು ಒಳಕ್ಕೆ ತಂದಳು. “ನಾನೂರಾ ಮೂವತ್ತು, ಸರ್.”

“ನಾಳೆ ಬೆಳಿಗ್ಗೆ ಬಲೂನ್ ಹಾಕೋಣ. ಆಗದಿದ್ರೆ ಕುತ್ತಿಗೆಗೇ.”

ಅಣ್ಣ ಬೈಯುತ್ತಾನೆ ಎಂದು ಅವಳು ಕಾದಳು.

“ಬೆಳಿಗ್ಗೆ ಆರಕ್ಕೆ ಈಜೋಕೆ ಮಕ್ಕಳು ಬರ್ತಾರೆ,” ಎಂದ ಅವನು. “ಅವರಿಗೆ ಯಾರು ಹೇಳ್ತಾರೆ?”

“ನಾನೇ ಹೋಗಿ ಹೇಳ್ತೀನಿ.”

“ಅವರನ್ನ ಆಳದ ಕಡೆ ಬಿಡಬೇಡ. ನಿನಗೇ ಈಜು ಬರಲ್ಲ.”

“ಇಲ್ಲ, ಬಿಡಲ್ಲ.”

ಅವಳು ಅವನ ತೋಳಿನ ಮೇಲಿನ ಜೆಲ್ ಒರೆಸಿದಳು, ನಾಳ ಒತ್ತದ ಹಾಗೆ.